ಮುದ್ರೆ ಬಿದ್ದ ವರದಿ

"ಒಂದೇ ಒಂದು ಪುಟ ಕಣೇ ಗ್ಲೆನಿಸ್. ಐದು ನಿಮಿಷ ಬಾಗಿಲು ತೆಗಿ."

"ಐದು ಸೆಕೆಂಡೂ ಇಲ್ಲ. ಒಮ್ಮೆ ಬೇಸ್‌ಲೈನ್, ಅಂದ್ರೆ ಇದೇ ಅಂತಿಮ ಪ್ರತಿ ಅಂತ ಮುದ್ರೆ ಬಿದ್ಮೇಲೆ ದೇವರೇ ಬಂದ್ರೂ ದಾಖಲೆ ಮುಟ್ಟೋ ಹಾಗಿಲ್ಲ. ತಪ್ಪಿದ್ರೆ ಅರ್ಜಿ ಹಾಕು, ಸಮಿತಿ ನೋಡತ್ತೆ."

ನೆವಿಲ್ ಪ್ರೌಟ್ ದಾಖಲೆ ಕೋಣೆಯ ಕೌಂಟರಿಗೆ ಒರಗಿ ನಿಂತ. ಮೆಲ್ಬರ್ನ್‌ನ ಆ ಕಂಪನಿಯಲ್ಲಿ ಹೆಲಿಕಾಪ್ಟರ್ ಹಾರಿಸುವ ಸಾಫ್ಟ್‌ವೇರನ್ನು ಪರೀಕ್ಷಿಸುವ ತಂಡದ ಯಜಮಾನ ಅವನು. ಅದರ ಒಂದೊಂದು ಆವೃತ್ತಿ, ಒಂದೊಂದು ವರದಿಯನ್ನೂ ಇಪ್ಪತ್ತೆರಡು ವರ್ಷದಿಂದ ಕಾಯುತ್ತ ಬಂದವಳು ಗ್ಲೆನಿಸ್ ಹೋಬ್‌ಡೇ.

ಕಳೆದ ತಿಂಗಳು ಆ ಸಾಫ್ಟ್‌ವೇರ್ ಇದ್ದ ರಕ್ಷಣಾ ಹೆಲಿಕಾಪ್ಟರೊಂದು ಸಮುದ್ರಕ್ಕೆ ಬಿದ್ದು ಮೂವರು ಸತ್ತಿದ್ದರು. ಮಾಡದೇ ಇದ್ದ ಪರೀಕ್ಷೆಗೆ ಯಾರೋ 'ಪಾಸ್' ಎಂದು ಸಹಿ ಹಾಕಿದ್ದರು. ಸಹಿ ಯಾರದೋ ಅವರಿಗೆ ಜೈಲು. ಆ ಪರೀಕ್ಷೆಯ ವರದಿ ಒಯ್ಯಲು ತನಿಖಾಧಿಕಾರಿ ಮೂರು ಗಂಟೆಗೆ ಬರುವವನಿದ್ದ.

ಸಹಿ ಅಳಿಸೋಕೆ ಬಂದಿದ್ದಾನೆ, ಕಳ್ಳ! ಗ್ಲೆನಿಸ್‌ಗೆ ಮೈ ಉರಿಯಿತು.

"ಟ್ಯಾಮ್ಸಿನ್ ಹೇಗಿದ್ದಾಳೆ? ಮಗು?"

"ಮಗಳು ಮೊಮ್ಮಗಳ ಹೆಸರೆತ್ತಿ ಬೆಣ್ಣೆ ಹಚ್ಚಬೇಡ. ಅವಳು ನಿನ್ನ ಕೈಕೆಳಗೆ ಎರಡು ವರ್ಷ ದುಡಿದಳು ಅಂತ ನಾನೇನೂ ಕರಗಲ್ಲ."

"ನನಗೋ ಹಿಂದಿಲ್ಲ ಮುಂದಿಲ್ಲ. ಜೈಲಲ್ಲಾದ್ರೂ ಹೊತ್ತಿಗೆ ಸರಿಯಾಗಿ ಊಟ ಹಾಕ್ತಾರೆ," ಎಂದು ನಕ್ಕ. ಆ ನಗು ಅವಳಿಗೆ ಹಿಡಿಸಲಿಲ್ಲ. "ಒಳಗಿಡೋದನ್ನ ಎಂದಾದ್ರೂ ಓದಿದ್ದೀಯೇನೇ?"

"ಓದೋದು ನನ್ನ ಕೆಲಸ ಅಲ್ಲ. ಸಂಖ್ಯೆ ಸರಿ, ಆವೃತ್ತಿ ಸರಿ, ಸಹಿ ಇದೆ. ಮುಗೀತು."

ದಾಖಲೆಯವರ ಪದ್ಧತಿಯೇ ಅದು. ಗ್ಲೆನಿಸ್‌ಗೆ ಅದರ ಜಂಭವೂ ಇತ್ತು.

"ಹಾಗಿದ್ರೆ ಇವತ್ತೂ ಓದಬೇಡ. ಬಾಗಿಲು ತೆಗಿ, ಕೈ ಮುಗೀತೀನಿ. ಯಾಕೆ ಅಂತ ಕೇಳಬೇಡ, ತಿಳ್ಕೊಂಡ್ರೆ ನೀನೂ ಸಿಕ್ಕಿಹಾಕ್ಕೋತೀಯ."

"ಬೆದರಿಸ್ತೀಯೇನೋ ನನ್ನ?"

ಕಾವಲಿನವರನ್ನು ಕರೆಸಿ ಅವನನ್ನು ಹೊರಗೆ ಹಾಕಿಸಿದಳು. ಗೋಡೆ ಹಿಡಿದುಕೊಂಡು ಹೋದ.

ಮೂರಕ್ಕೆ ತನಿಖಾಧಿಕಾರಿ ಬಂದ. ಮೂಲ ವರದಿಯನ್ನು ಅವನ ಕೈಗಿತ್ತು, ನೆವಿಲ್ ಬಂದದ್ದನ್ನೂ ಹೇಳಿದಳು.

"ನಿಮ್ಮಂಥವರು ಇರೋದ್ರಿಂದ್ಲೇ ಸತ್ಯ ಉಳಿದಿದೆ ಮೇಡಂ," ಎಂದ ಅವನು. ಅವಳಿಗೆ ಹೊಟ್ಟೆ ತಣ್ಣಗಾಯಿತು.

ಕಾರು ಗೇಟು ದಾಟಿತು. ಆ ಕಳ್ಳನ ಹೆಸರು ನೋಡಿಯೇಬಿಡೋಣ ಎಂದು ಗ್ಲೆನಿಸ್ ಕಚೇರಿಯ ಪ್ರತಿಯನ್ನು ಬಿಡಿಸಿದಳು. ಕೆಲಸಕ್ಕೆ ಸೇರಿದ ಮೇಲೆ ಅವಳು ಓದಿದ ಮೊದಲ ವರದಿ ಅದು.

ಪರೀಕ್ಷೆ ನಡೆಸಿ 'ಪಾಸ್' ಎಂದು ಬರೆದವರು: ಟ್ಯಾಮ್ಸಿನ್ ಹೋಬ್‌ಡೇ.