ಕತ್ತಿ ಬಿದ್ದ ಜಾಗ

“ಓ ಬಾಯೀ, ಹಗ್ಗದ ಈಚೆ ಬನ್ನಿ!”

ಮ್ಯೂಸಿಯಮ್ಮಿನ ಕಾವಲುಗಾರ ಮರಾಠಿಯಲ್ಲಿ ಎರಡನೇ ಸಲ ಕೂಗಿದ. ನೀಲಾ ಕದಲಲಿಲ್ಲ. ಅಡ್ಡಹಗ್ಗ ದಾಟಿ ಹೋಗಿ, ಗೋಡೆಗೆ ತೂಗುಹಾಕಿದ್ದ ಬಲೆಯ ಒಂದು ಗಂಟನ್ನು ಎಡಗೈ ಹೆಬ್ಬೆರಳಿನಿಂದ ಸವರುತ್ತ ನಿಂತಿದ್ದಳು.

“ಆಯಿ, ಈಚೆ ಬಾರೆ. ಎಲ್ಲರೂ ನೋಡ್ತಿದ್ದಾರೆ.” ಮಗಳು ಪೂಜಾ ಸೆರಗು ಜಗ್ಗಿದಳು. “ಊರಲ್ಲಿ ನೋಡಿದ್ದು ಸಾಲಲಿಲ್ವ? ಮುಂಬಯಿಗೆ ಬಂದೂ ಬಲೆಯೇ ಬೇಕಾ ನಿಂಗೆ?”

“ಪೂಜಾ, ಇದು ನನ್ನ ಕೈ.”

ಹತ್ತಿರ ಬಂದ ಕಾವಲುಗಾರ ಕನ್ನಡ ಕೇಳಿ ನಿಂತುಬಿಟ್ಟ. “ಎಲ್ಲಿಯವ್ರು?”

“ಕಾರವಾರ. ದೇವಬಾಗ.”

“ನಾನು ಅಂಕೋಲೆಯ ಹಟ್ಟಿಕೇರಿಯವ. ಮಧುಕರ ಅಂತ. ಆದ್ರೆ ಊರ ಕಡೆಯವ್ರು ಅಂತ ಬಲೆ ಹರಿಯೂಕೆ ಬಿಡೂಕಾಗ್ತದ ಅಕ್ಕ? ನನ್ನ ನೌಕರಿ ಹೋಗ್ತದೆ.”

“ಹರೀತಿಲ್ಲ ತಮ್ಮಾ. ಹರಿದದ್ದನ್ನ ಸರಿಮಾಡಿದವಳೇ ನಾನು.”

ನೀಲಾ ಎಡಚಿ. ಬಲೆಯ ಗಂಟುಗಳೆಲ್ಲ ಬಲಕ್ಕೆ ವಾಲಿದ್ದವು; ತೇಪೆ ಬಿದ್ದಲ್ಲೆಲ್ಲ ಎಡಕ್ಕೆ. ಅವಳ ಗಂಟು ನೋಡಿದರೆ ಮೀನಿಗೂ ದಿಕ್ಕು ತಪ್ಪುತ್ತದೆ ಎಂದು ಅತ್ತೆ ನಗುತ್ತಿದ್ದಳು. ನೀಲಾ ಬಲೆಯ ಕೆಳಗಿನ ಮೂಲೆ ಎತ್ತಿದಳು. ತುದಿಯ ಹಗ್ಗದಲ್ಲಿ ಬಣ್ಣ ಮಾಸಿದ ಹಸಿರು ಬಟ್ಟೆಯ ಚೂರು. ಹೊಸ ಬಲೆ ಮೊದಲ ಸಲ ನೀರಿಗೆ ಇಳಿಯುವಾಗ, ಅದರ ಎರಡು ತುದಿಗೂ ಮನೆಯಾಕೆ ತನ್ನ ಮದುವೆ ಸೀರೆಯ ಅಂಚು ಕಟ್ಟುವುದು ಅವರ ಮನೆಯ ಪದ್ಧತಿ.

“ಅಪ್ಪನ ಬಲೆ,” ಎಂದಳು ಪೂಜಾ. ಅವಳೂ ಆ ಚೂರು ಮುಟ್ಟಿದಳು.

ತುಳಸಿದಾಸ ಹೋಗಿ ಆರು ವರ್ಷ. ಸಮುದ್ರಕ್ಕೆ ತೆಂಗಿನಕಾಯಿ ಬಿಡುವ ನಾರಳಿ ಹುಣ್ಣಿಮೆ ಕಳೆದು ಒಂಬತ್ತನೇ ದಿನ, ಬೆಳಗಿನ ಹೊತ್ತು. ದೋಣಿಯಲ್ಲಿದ್ದವರು ಇಬ್ಬರೇ: ಅವನು ಮತ್ತು ತಮ್ಮ ಕಿಶನ. ಮಧ್ಯಾಹ್ನ ಕಿಶನ ಒಬ್ಬನೇ ಬಂದ. ದೋಣಿ ಬರಿದಾಗಿತ್ತು.

“ಅರ್ಧ ಬಲೆ ಎಳೆದಾಗಿತ್ತು, ವೈನಿ. ಅಣ್ಣ ಕಾಲು ಜಾರಿ ಬಿದ್ದ,” ಎಂದು ಅತ್ತಿಗೆಯ ಮುಂದೆ ಕುಸಿದಿದ್ದ. “ಬಲೆ ಕಟ್ಟಿಕೊಂಡು ದೋಣಿ ತಿರುಗ್ತದ? ಉಳಿದದ್ದು ಎಳೀತಾ ಕೂತ್ರೆ ಅರ್ಧ ತಾಸು. ಕತ್ತಿ ಹಾಕ್ದೆ. ಒಳಗಿದ್ದ ಅರ್ಧವೂ ಕಾಲಿಗೆ ತೊಡರ್ತದೆ ಅಂತ ನೀರಿಗೆ ನೂಕ್ದೆ. ಆದ್ರೂ ಸಿಗಲಿಲ್ಲ.”

ಆ ದಂಡೆಯಲ್ಲಿ ಅನ್ನ ಕೊಡುವ ಬಲೆಗೆ ಕತ್ತಿ ಹಾಕುವುದು ಸಣ್ಣ ಮಾತಲ್ಲ. ಅಂದಿನಿಂದ ಕಿಶನನನ್ನು ಹಿರಿಯರೂ ಕರೆದು ಕೂರಿಸತೊಡಗಿದರು. ಅವನು ಮದುವೆಯನ್ನೂ ಆಗಲಿಲ್ಲ. ಅಣ್ಣನ ಮನೆ ನಡೆಸಿದ, ಪೂಜಾಳನ್ನು ಓದಿಸಿದ. ಈ ವರ್ಷ ಹಿರಿಯರೇ ನೀಲಾಳನ್ನು ಕೇಳಿದರು: ಅವನನ್ನೇ ಯಾಕೆ ಕೈಹಿಡಿಯಬಾರದು?

ನೀಲಾ ಸಮಯ ಕೇಳಿದ್ದಳು. ಕಿಶನ ಒತ್ತಾಯಿಸಲಿಲ್ಲ. ಪೂಜಾಳ ಪರೀಕ್ಷೆ ಮುಗಿದದ್ದೇ ಇಬ್ಬರನ್ನೂ ಮುಂಬಯಿ ತೋರಿಸಲು ಕರೆತಂದ. ನಿನ್ನೆ ಗೇಟ್‌ವೇ ಎದುರು ಇಬ್ಬರ ಹತ್ತಾರು ಫೋಟೋ ತೆಗೆದ, ತಾನು ಮಾತ್ರ ಸಮುದ್ರಕ್ಕೆ ಬೆನ್ನು ಹಾಕಿ ನಿಂತು. ಇವತ್ತು ರಾತ್ರಿಯ ರೈಲು ಹತ್ತುವ ಮೊದಲು ಉತ್ತರ ಹೇಳುತ್ತೇನೆಂದು ನೀಲಾ ಮಾತು ಕೊಟ್ಟಿದ್ದಳು. ಉತ್ತರ ಇವತ್ತು ಬೆಳಿಗ್ಗೆಯೇ ಸಿದ್ಧವಾಗಿತ್ತು. ಅಣ್ಣನಿಗಾಗಿ ಬಲೆ ಕತ್ತರಿಸಿದ ಕೈ. ಅದಕ್ಕಿಂತ ಹೆಚ್ಚಿನದೇನನ್ನು ಕೇಳಬೇಕು?

ಮ್ಯೂಸಿಯಮ್ಮಿನ ನಾಣ್ಯ, ಕತ್ತಿ, ಕಲ್ಲಿನ ದೇವರುಗಳನ್ನೆಲ್ಲ ಕಿಶನ ಅವರ ಜೊತೆಯಲ್ಲೇ ನೋಡಿದ್ದ. ಈ ಕೋಣೆಯ ಹೊಸ್ತಿಲಲ್ಲಿ ಮಾತ್ರ ನಿಂತುಬಿಟ್ಟಿದ್ದ. “ತಲೆ ಸಿಡೀತದೆ. ಚಹಾ ಕುಡಿದು ಬರ್ತೆ. ಇಲ್ಲೆಂತ ಇದೆ ನೋಡೂಕೆ, ಬೇಗ ಹೊರಗೆ ಬನ್ನಿ.”

ನೀಲಾಳಿಂದ ಆ ದಿನದ ಕತೆ ಕೇಳಿದ ಮಧುಕರ ಗೋಡೆಯ ಫಲಕ ಓದಿ ಹೇಳಿದ. “ಕಾಳಿ ನದಿ ಸಮುದ್ರ ಸೇರುವ ಕಡೆಯ ಬಲೆ. ಗೋವೆಯ ವ್ಯಾಪಾರಿಯಿಂದ ಕೊಂಡದ್ದು.” ಆಮೇಲೆ ದನಿ ತಗ್ಗಿಸಿದ. “ತೇಲ್ತಾ ಹೋಗಿ ಆ ಕಡೆ ಯಾರಿಗೋ ಸಿಕ್ಕಿರಬೇಕು, ಅಕ್ಕ. ಸಮುದ್ರ ಇಟ್ಟುಕೊಳ್ಳಲಿಲ್ಲ ನೋಡಿ, ನಿಮ್ಮದು ನಿಮಗೇ ತೋರಿಸ್ತು.”

“ಇದು ಯಾವ ಅರ್ಧ, ಆಯಿ? ದೋಣಿಯೊಳಗೆ ಇದ್ದದ್ದಾ, ಹೊರಗಿನದ್ದಾ?”

“ಗೊತ್ತಿಲ್ಲ ಮಗಾ.” ನೀಲಾ ಕಣ್ಣೊರೆಸಿಕೊಂಡಳು. “ತಮ್ಮಾ, ಒಂದು ಉಪಕಾರ ಮಾಡು. ನನಗೆ ಕತ್ತಿ ಬಿದ್ದ ಜಾಗ ನೋಡಬೇಕು. ಒಮ್ಮೆ ಕಣ್ಣಿಗೆ ಒತ್ತಿಕೊಂಡು ಹೋಗ್ತೆ.”

ಮಧುಕರ ಬಾಗಿಲ ಕಡೆ ನೋಡಿದ. ಯಾರೂ ಬರುತ್ತಿರಲಿಲ್ಲ. “ಬೇಗ ಆಗ್ಲಿ,” ಎಂದು ತಾನೇ ಹಗ್ಗ ಬಿಚ್ಚಿ ಪಕ್ಕಕ್ಕೆ ಸರಿಸಿದ.

ಬಲೆಯನ್ನು ಮಡಿಕೆ ಮಡಿಕೆಯಾಗಿ ಮೂರು ಗೋಡೆಗೆ ಇಳಿಬಿಟ್ಟಿದ್ದರು. ನೀಲಾ ಹಸಿರು ಅಂಚಿನಿಂದ ಹೊರಟು ಕೈಗೆ ಕೈ ಬದಲಿಸುತ್ತ ನಡೆದಳು. ಅವಳದೊಂದು ತೇಪೆ, ಏಡಿ ಕತ್ತರಿಸಿದ್ದಕ್ಕೆ. ಇನ್ನೊಂದು, ಬಂಡೆಗೆ ಸಿಕ್ಕಿ ಹರಿದದ್ದಕ್ಕೆ. ಪೂಜಾ ಹೊಟ್ಟೆಯಲ್ಲಿದ್ದಾಗ ಹಾಕಿದ ದೊಡ್ಡ ತೇಪೆ. ಪಕ್ಕದಲ್ಲಿ ಕೂತು ತುಳಸಿದಾಸ ಸೂಜಿಗೆ ನೂಲು ಸುತ್ತಿಕೊಟ್ಟಿದ್ದ. ಎಲ್ಲ ಗುರುತು ಸಿಕ್ಕವು. ಎರಡನೇ ಗೋಡೆ ಮುಗಿಯಿತು. ಬೆರಳುಗಳು ನಿಧಾನವಾದವು. ಅರ್ಧ ಬಲೆ ಹದಿನಾಲ್ಕು ಮಾರಿಗೇ ಮುಗಿಯಬೇಕಿತ್ತು; ಅವಳು ಹಿಂದಿನದ್ದನ್ನೂ ಸೇರಿಸಿ ಮಾರು ಎಣಿಸತೊಡಗಿದಳು. ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು.

“ಸಿಕ್ತಾ, ಆಯಿ?”

ನೀಲಾ ಮುಂದಿನ ಮಾರು ಹಾಕಿದಳು.

ಹೊಸ್ತಿಲಾಚೆ ಕಿಶನ ಬಂದು ನಿಂತಿದ್ದ. ಒಳಗೆ ಕಾಲಿಡಲಿಲ್ಲ. “ವೈನಿ, ಹೊತ್ತಾಯ್ತು. ಬನ್ನಿ.”

ಅವಳು ಕೊನೆಯ ಮಡಿಕೆ ಬಿಡಿಸಿದಳು.

ಇಪ್ಪತ್ತೆಂಟನೇ ಮಾರಿಗೆ ಬಲೆ ಮುಗಿದಿತ್ತು. ತುದಿಯ ಹಗ್ಗದಲ್ಲಿ, ಅವಳೇ ಕಟ್ಟಿದಂತೆ, ಎರಡನೆಯ ಹಸಿರು ಅಂಚು.