ಮೊದಲಿನ ಹಾಗೇ

ಆಫ್ರಿಕಾದ ಮರದ ಮಿಲ್ಲಿನಿಂದ ಊರಿಗೆ ಮರಳಿದ ಗಂಡ ಹಗಲೆಲ್ಲ ನಿದ್ದೆ ಹೊಡೆಯತೊಡಗಿ ಆರು ತಿಂಗಳಾಗಿತ್ತು. ಉಣ್ಣುವಾಗಲೂ ತೂಕಡಿಸುವ ಅಣ್ಣನನ್ನು ಮೈದುನ ಗೊರಕೆ ಸಮೇತ ಅಣಕಿಸಿ ತೋರಿಸಿದಾಗ ಮನೆಯವರೆಲ್ಲ ಬಿದ್ದು ಬಿದ್ದು ನಕ್ಕಿದ್ದರು. ಆಸ್ಪತ್ರೆಗೆ ಕರೆತಂದವಳು ಮಾತ್ರ ಹೆಂಡತಿ ವಾರಿಜಾ ಒಬ್ಬಳೇ.

ಬೆನ್ನುಮೂಳೆಯಿಂದ ನೀರು ತೆಗೆದು ಪರೀಕ್ಷಿಸಿದ ಡಾಕ್ಟರು ಅವಳನ್ನು ಕೂರಿಸಿಕೊಂಡು ಹೇಳಿದರು:

"ಇದು ಸೋಮಾರಿತನ ಅಲ್ಲಮ್ಮ, ನಿದ್ರೆ ರೋಗ. ಅಲ್ಲಿನ ಒಂದು ನೊಣ ಕಚ್ಚಿದರೆ ಬರುತ್ತೆ. ಕಣ್ಣಿಗೆ ಕಾಣದ ಹುಳ ಈಗ ಮೆದುಳು ಮುಟ್ಟಿದೆ. ಸ್ವಭಾವಾನೂ ಬದಲಾಗಿರಬೇಕಲ್ಲ?"

"ಪೂರ್ತಿ ಬದಲಾಗಿದೆ, ಡಾಕ್ಟ್ರೇ."

"ಪಾಪ, ಆರು ತಿಂಗಳು ಹೇಗೆ ಸಹಿಸಿಕೊಂಡ್ರೋ!"

ವಾರಿಜಾ ನಿದ್ದೆಯಲ್ಲಿದ್ದ ಗಂಡನ ಹೊದಿಕೆ ಸರಿಮಾಡಿದಳು. "ಮದ್ದು ಕೊಡದಿದ್ರೆ?"

"ಉಳಿಯಲ್ಲ. ಕೊಟ್ರೆ ಗಾಬರಿಯಿಲ್ಲ. ದಿನಾ ಊಟದ ಜೊತೆ ಮಾತ್ರೆ, ಹತ್ತೇ ದಿನ. ಆಮೇಲೆ ನಿಧಾನಕ್ಕೆ ನಿಮ್ಮ ಯಜಮಾನರು ಮೊದಲಿನ ಹಾಗೇ ಆಗ್ತಾರೆ ನೋಡಿ."

"ಮೊದಲಿನ ಹಾಗೇನಾ?"

"ಅಚ್ಚು ಮೊದಲಿನ ಹಾಗೇ!"

ಅವಳ ಕಣ್ಣು ತುಂಬಿತು. ಇಂಥ ಕಣ್ಣೀರನ್ನು ಬೇಕಾದಷ್ಟು ನೋಡಿದ್ದ ಡಾಕ್ಟರು ನಗುತ್ತ ಮೊದಲ ದಿನದ ಮಾತ್ರೆಗಳನ್ನು ಅವಳ ಅಂಗೈಗೆ ಹಾಕಿದರು. "ಎಬ್ಬಿಸಿ, ಊಟ ಮಾಡಿಸಿ, ಈಗಲೇ ಕೊಟ್ಟುಬಿಡಿ."

"ಕೊಡ್ತೀನಿ ಡಾಕ್ಟ್ರೇ. ನಾಳೆಯಿಂದ ಶುರು ಮಾಡಿದ್ರೆ ಆಗುತ್ತಾ?"

"ಅಯ್ಯೋ, ನಾಳೆ ಯಾಕಮ್ಮ? ಒಂದೊಂದು ದಿನವೂ ಮುಖ್ಯ."

"ಇವತ್ತು ಎದ್ದ ಮೇಲೆ ನನಗೆ ಜಡೆ ಹಾಕಿಕೊಡ್ತೀನಿ ಅಂದಿದ್ದಾರೆ. ಹತ್ತೊಂಬತ್ತು ವರ್ಷ ಇದೇ ಜಡೆ ಹಿಡಿದು ನನ್ನ ತಲೇನ ಗೋಡೆಗೆ ಚಚ್ಚಿದವರು."