ಹಣ್ಣಿನ ರಸ

"ದಕ್ಷಿಣ ಆಫ್ರಿಕಾದ ಕೆಂಪು ವೈನ್ ಸಾರ್. ಮೂಗಿನ ಹತ್ತಿರ ಹಿಡಿದ್ರೆ ಪ್ಲಮ್ ಹಣ್ಣು, ಬಾಯಿಗಿಟ್ರೆ ಸ್ವಲ್ಪ ಹೊಗೆ, ಕೊನೆಗೆ ಕಾಫಿ. ಬೆಲೆ ಮಾತ್ರ ಜೇಬಿಗೆ ಭಾರ ಇಲ್ಲ."

ಬೆಳಗಿನಿಂದ ಇದನ್ನೇ ಹೇಳಿ ಹೇಳಿ ಅವಳ ನಾಲಿಗೆ ಒಣಗಿತ್ತು. ಸೂಪರ್‌ಮಾರ್ಕೆಟ್ಟಿನಲ್ಲಿ ಬಿಸ್ಕತ್ತಿನ ಸಾಲು ಮುಗಿಯುವ ಮೂಲೆಯಲ್ಲೊಂದು ಮೇಜು, ಅದರ ಮೇಲೆ ಬಾಟಲಿಗಳು, ಹೆಬ್ಬೆರಳುದ್ದದ ಪ್ಲಾಸ್ಟಿಕ್ ಲೋಟಗಳು. ಕೂರಲು ಸ್ಟೂಲಿಲ್ಲ, ಕೂತವರು ಏನನ್ನೂ ಮಾರಲಾರರು ಎಂಬುದು ಸೂಪರ್‌ವೈಸರನ ಸಿದ್ಧಾಂತ. ಭಾರವನ್ನು ಒಂದು ಕಾಲಿಂದ ಇನ್ನೊಂದಕ್ಕೆ ದಾಟಿಸುತ್ತ ನಿಂತಿದ್ದಳು. ತಾನು ಸುರಿದು ಕೊಡುವುದರ ಒಂದು ಹನಿಯನ್ನೂ ಅವಳು ಬಾಯಿಗೆ ಹಾಕಿಕೊಂಡವಳಲ್ಲ.

ತಲೆಯೆತ್ತಿದರೆ ಎದುರಿಗೆ ಗಂಡ. ಅವಳು ಮನೆಯಲ್ಲೇ ಮರೆತು ಬಂದಿದ್ದ ಬೀಗದ ಕೈಯನ್ನು ಕೊಟ್ಟು, ಹಾಗೇ ತನ್ನ ರಾತ್ರಿ ಪಾಳಿಗೆ ಹೋಗೋಣವೆಂದು ಬಂದಿದ್ದ. ಲಿಫ್ಟ್ ರಿಪೇರಿಯವನು. ಅವನು ಕುಡಿತ ಬಿಟ್ಟ ಮೇಲೆ ಇದು ಎರಡನೇ ಬೇಸಿಗೆ.

"ಹಣ್ಣಿನ ರಸ ಮಾರ್ತೀನಿ ಅಂದಿದ್ದೆ," ಅಂದ ಬಾಟಲಿಗಳನ್ನು ನೋಡುತ್ತ.

"ದ್ರಾಕ್ಷಿ ಹಣ್ಣಲ್ವಾ?"

ಅವನು ನಕ್ಕ ಹಾಗೆ ಮಾಡಿದ. "ನನಗೆ ಮೊದಲ ದಿನಾನೇ ಗೊತ್ತಾಯ್ತು. ಎಷ್ಟು ಸೋಪು ಹಾಕಿ ಕೈ ತೊಳೆದ್ರೂ ಹೋಗೋ ವಾಸನೆಯಲ್ಲ ಅದು."

ಅಷ್ಟರಲ್ಲಿ ಸೂಪರ್‌ವೈಸರ್ ಬಂದ. "ಏನಮ್ಮಾ, ಗಿರಾಕಿ ಎದುರಿಗಿದ್ರೂ ಗೊಂಬೆ ಥರ ನಿಂತಿದ್ದೀಯಲ್ಲ!" ಅನ್ನುತ್ತ ತಾನೇ ಒಂದು ಲೋಟ ಸುರಿದು ಗಂಡನ ಕೈಗಿಟ್ಟ. "ರುಚಿ ನೋಡಿ ಸಾರ್. ತಗೊಳ್ಳಲೇಬೇಕು ಅಂತೇನಿಲ್ಲ."

ಗಂಡ ಲೋಟವನ್ನು ಕೆಳಗಿಡಲಿಲ್ಲ. ಬಾಯಿಗೂ ಒಯ್ಯಲಿಲ್ಲ. ಅವನ ಮೂಗಿನ ಹೊಳ್ಳೆ ಅರಳಿದ್ದನ್ನು ಅವಳು ಕಂಡಳು. ಒಡೆದ ಕಪಾಟಿನ ಗಾಜು, ಮಂಚದಡಿ ಅಡಗಿ ಕೂರುತ್ತಿದ್ದ ಮಗಳು, ಬಾಗಿಲಿಗೆ ಬೆನ್ನು ಕೊಟ್ಟು ಕಾದ ಇರುಳುಗಳು, ಎಲ್ಲ ಆ ಹೆಬ್ಬೆರಳುದ್ದದ ಲೋಟದಲ್ಲಿ ತುಳುಕಿದ ಹಾಗಾಯಿತು.

ಮೇಜಿನ ಮೇಲಿಂದ ಬಾಗಿ ಲೋಟ ಕಿತ್ತುಕೊಂಡು ತಾನೇ ಗಟಕ್ಕನೆ ಕುಡಿದುಬಿಟ್ಟಳು.

ಒಗರು. ನಾಲಿಗೆ ಬಿಗಿದುಕೊಂಡಿತು. ಪ್ಲಮ್ಮೂ ಇಲ್ಲ, ಕಾಫಿಯೂ ಇಲ್ಲ.

"ಅಯ್ಯೋ, ಗಿರಾಕಿದಲ್ವೇನಮ್ಮಾ ಅದು?"

"ಗಿರಾಕಿ ಅಲ್ಲ ಸಾರ್. ನಮ್ಮ ಯಜಮಾನ್ರು."

ಸೂಪರ್‌ವೈಸರ್ ಇಬ್ಬರ ಮುಖವನ್ನೂ ನೋಡಿದ. ಏನರ್ಥವಾಯಿತೋ, ಬಿಸ್ಕತ್ತಿನ ಸಾಲಿನತ್ತ ಸರಿದುಹೋದ.

ಅವಳು ಮೇಜಿಗೆ ಕೈಯೂರಿದಳು. ಕಣ್ಣಲ್ಲಿ ನೀರಿರಲಿಲ್ಲ, ಬರೀ ಸುಸ್ತು. "ಇಷ್ಟೇನಾ ರೀ?" ಅಂದಳು ಮೆಲ್ಲಗೆ. "ಇಷ್ಟಕ್ಕೇನಾ, ಅಷ್ಟೂ ವರ್ಷ?"

ಅವನು ಅವಳ ಕೈಯಿಂದ ಖಾಲಿ ಲೋಟ ತೆಗೆದು ಮೇಜಿನ ಮೇಲೆ ಬೋರಲು ಹಾಕಿದ.

"ಮೊದಲನೇ ಗುಟುಕು ಎಲ್ಲರಿಗೂ ಇಷ್ಟೇ ಕಣೇ."